ಮೇಜಿಗೆ ಹೇಳಿದ ಪಾಠ

ದರ್ಜಿಯ ಮಗಳ ವರದಿ ಎರಡನೇ ಸಲ ವಾಪಸ್ ಬಂದಿತ್ತು. ಶುಕ್ರವಾರದೊಳಗೆ ತಿದ್ದಿ ಕೊಡದಿದ್ದರೆ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ ಹಾಳು.

"ಬರೆಯೋದು ಹೇಳಿಕೊಡೋಕೆ ಅಲ್ಲೊಬ್ರು ಮೇಡಂ ಇದ್ದಾರೆ. ಮೂರು ಸಲ ಹೋಗ್ಬಂದ್ಳು. ಇವಳ ತಲೆಗೇ ಹತ್ತಲಿಲ್ಲ," ಎಂದ ದರ್ಜಿ.

ಗುಂಡಿ ಹಾಕಿಸಲು ಅಂಗಿ ತಂದಿದ್ದ ಪಕ್ಕದ ಮನೆಯಾಕೆ ಅಲ್ಲೇ ಕುಳಿತಳು. ಆಕೆಗೆ ಅದೇ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ. ಹುಡುಗಿಗೆ ಕಿವಿ ಮಂದ, ತುಟಿ ನೋಡಿ ಮಾತು ಹಿಡಿಯುತ್ತಾಳೆ ಎಂಬುದು ಆಕೆಗೆ ಗೊತ್ತು. ಅಂಗಡಿಯಲ್ಲೇ ಕುಳಿತಿದ್ದ ಅವಳ ಕಡೆ ಮುಖ ತಿರುಗಿಸಿ ಕೇಳಿದಳು:

"ಮೇಡಂ ಹೇಳಿದ್ದು ಎಷ್ಟು ಕೇಳಿಸ್ತು ಪುಟ್ಟಿ?"

"ಅವರು ಹಾಳೆ ನೋಡ್ಕೊಂಡೇ ಮಾತಾಡ್ತಾರೆ ಅತ್ತೆ. ಬಾಯಿ ಕಾಣಲ್ಲ. ಫ್ಯಾನ್ ಬೇರೆ ಗರಗರ ಅನ್ನುತ್ತೆ."

"ನೀನೇನು ಮಾಡ್ದೆ?"

"ತಲೆ ಆಡಿಸ್ದೆ."

"ಅರ್ಥವಾಯ್ತಾ ಅಂದಾಗ?"

"ಅದಕ್ಕೂ ಆಡಿಸ್ದೆ."

"ಒಳ್ಳೇ ಕೋಲೆಬಸವ ಆದೆ ಕಣೇ! ಕಿವಿ ವಿಷಯ ಹೇಳೋದಲ್ವಾ?"

"ನಾನೇ ಬೇಡ ಅಂದೆ," ದರ್ಜಿ ನಡುವೆ ಬಾಯಿ ಹಾಕಿದ. "ಊರಿಗೆಲ್ಲ ಡಂಗುರ ಸಾರ್ಬೇಕಾ? ಆಮೇಲೆ, ರಿಯಾಯಿತಿ ತೋರಿಸಿ ಪಾಸ್ ಮಾಡಿದ್ರು ಅಂತಾರೆ ಜನ."

"ಅಣ್ಣ, ಒಂದು ಭುಜ ತಗ್ಗಿರೋರು ಬಂದ್ರೆ ಎರಡೂ ಕಡೆ ಒಂದೇ ಅಳತೆ ಹಾಕ್ತೀಯಾ?"

"ಹಾಕಿದ್ರೆ ಅಂಗಿ ವಾಪಸ್ ಬರುತ್ತೆ."

"ಬೇರೆ ಅಳತೆ ಹಾಕೋದು ರಿಯಾಯಿತಿನಾ?"

"ರಿಯಾಯಿತಿ ಎಲ್ಲಿ ಬಂತು? ಅದು ಕೆಲಸ."

"ನಿನ್ನ ಮಗಳ ವರದಿನೂ ಹಾಗೇ ವಾಪಸ್ ಬರ್ತಿರೋದು. ಬರೆಯೋಳು ಅವಳೇ, ಅದ್ರಲ್ಲಿ ರಿಯಾಯಿತಿ ಏನಿಲ್ಲ. ಮೇಡಂಗೆ ಅಳತೆ ಕೊಟ್ಟಿಲ್ಲ, ಅಷ್ಟೇ."

ದರ್ಜಿ ಕೊರಳಿನ ಟೇಪು ತೆಗೆದ, ಮತ್ತೆ ಹಾಕಿಕೊಂಡ. "ನಾಳೆ ಹೇಳ್ಬಿಡು ಮಗಳೇ," ಎಂದ.

ಮರುದಿನ ಹುಡುಗಿ ಮೇಡಂ ಮುಂದೆ ಒಂದು ಚೀಟಿ ಇಟ್ಟಳು: "ನನಗೆ ಕಿವಿ ಮಂದ. ದಯವಿಟ್ಟು ನನ್ನ ಕಡೆ ಮುಖ ಮಾಡಿ ಮಾತಾಡಿ. ಮುಖ್ಯವಾದದ್ದನ್ನು ಬರೆದುಕೊಡಿ."

ಮೇಡಂ ಅದನ್ನು ಎರಡು ಸಲ ಓದಿದರು. "ಹಾಗಾದ್ರೆ ಮೂರು ಸಲವೂ ನಾನು ಈ ಮೇಜಿಗೇ ಪಾಠ ಹೇಳಿದ್ದು ಅನ್ನು," ಎಂದರು. ಫ್ಯಾನ್ ಆರಿಸಿದರು. ಕುರ್ಚಿಯನ್ನು ಎದುರಿಗೆ ಎಳೆದುಕೊಂಡರು. ಆವತ್ತು ಅವರು "ಅರ್ಥವಾಯ್ತಾ?" ಎಂದು ಕೇಳಲಿಲ್ಲ. "ಏನು ಅರ್ಥವಾಯ್ತು, ನೀನೇ ಹೇಳು," ಎಂದರು.

ಶುಕ್ರವಾರ ಹೋದ ವರದಿ ಮತ್ತೆ ವಾಪಸ್ ಬರಲಿಲ್ಲ.

ಕಣ್ಣು, ಕಿವಿ, ಕೈ, ಮಾತು, ಓದು, ನಿಮ್ಮ ಮಕ್ಕಳಿಗೆ ಯಾವುದರ ತೊಡಕಿದ್ದರೂ ಮುಚ್ಚಿಡಬೇಡಿ. ತಮಗೆ ಬೇಕಾದ್ದನ್ನು ಅವರು ಮೊದಲ ದಿನವೇ ಕೇಳಲಿ. ಕಲಿಸುವವರೇ, ಅವರು ಬಾಯಿ ಬಿಡಲಿ ಎಂದು ಕಾಯಬೇಡಿ, ನೀವೇ ಕೇಳಿ. ಅಳತೆ ತೆಗೆಯದೆ ಯಾವ ದರ್ಜಿಯೂ ಬಟ್ಟೆಗೆ ಕತ್ತರಿ ಹಾಕುವುದಿಲ್ಲ.