ಚಿತ್ರದ ಮಿಲ್ಲಿನ ಚಟ್ಟ

ಬಿದಿರಿನ ಗಿಣ್ಣಿಗೆ ಮಚ್ಚಿನ ಎರಡನೇ ಏಟು ಬೀಳುವಷ್ಟರಲ್ಲಿ ದೊಡ್ಡರಂಗಯ್ಯ ಬಂದು ಕೆಂಚಯ್ಯನ ಮಣಿಕಟ್ಟು ಹಿಡಿದ.

"ನಿಲ್ಸು. ಹೊಸ ಚಟ್ಟ ಕಟ್ಟಂಗಿಲ್ಲ."

ಅಂಗಳದಲ್ಲಿ ಕೂತಿದ್ದ ಗಂಡಸರು ಬೀಡಿ ಕೆಳಗಿಳಿಸಿದರು. ದೊಡ್ಡರಂಗಯ್ಯ ಸತ್ತವನ ದಾಯಾದಿ ಅಣ್ಣ, ಬೀದಿಗೆಲ್ಲ ಹಿರಿಯ. ಅವನು ಬೇಡವೆಂದ ಮೇಲೆ ಮಚ್ಚು ಎತ್ತುವ ಧೈರ್ಯ ಕೆಂಚಯ್ಯನಿಗಿರಲಿಲ್ಲ. ಕೆಂಚಯ್ಯ ಸತ್ತವನ ಭಾವಮೈದ. ಹಗ್ಗ ಹೊಸೆಯುವುದನ್ನೂ ಚಟ್ಟ ಕಟ್ಟುವುದನ್ನೂ ಭಾವನ ಕೈಕೆಳಗೇ ಕಲಿತವನು.

ಆ ಭಾವ ದುರ್ಗಯ್ಯ ಈಗ ನಡುಮನೆಯಲ್ಲಿ ಮಲಗಿದ್ದ. ಉದ್ದಾಳು. ಚಾಪೆ ಸಾಲದೆ ಹಿಮ್ಮಡಿ ಎರಡೂ ನೆಲಕ್ಕೆ ತಗುಲಿದ್ದವು. ಹಿಂದಿನ ಸಂಜೆ ತೆಂಗಿನ ನಾರು ಹೊಸೆಯುತ್ತ ಕೂತಿದ್ದವನು ಹಾಗೇ ಪಕ್ಕಕ್ಕೆ ವಾಲಿದ್ದ. ಹೆಂಡತಿ ಭೈರಮ್ಮ ಓಡಿ ಬಂದು ನೋಡಿದಾಗ ಹುರಿ ಇನ್ನೂ ಅಂಗೈಯಲ್ಲೇ ಇತ್ತು.

ದೊಡ್ಡರಂಗಯ್ಯ ಅಂಗಳಕ್ಕೆಲ್ಲ ಕೇಳುವಂತೆ ವಿಷಯ ಬಿಡಿಸಿದ. ತಿಪಟೂರಿನ ಈ ಬೀದಿಯಲ್ಲಿ ಯಾರು ಸತ್ತರೂ ಚಟ್ಟ ಕಟ್ಟುತ್ತಿದ್ದವನು ದುರ್ಗಯ್ಯನೇ. ಉಸಿರು ಹೋಗುವ ಮೊದಲು ಬಿದಿರು ಕಡಿಯಬಾರದು, ಕಟ್ಟಿದ ಚಟ್ಟ ಖಾಲಿ ಇರಬಾರದು ಎಂದು ಎಲ್ಲರಿಗೂ ಹೇಳುತ್ತಿದ್ದವನೂ ಅವನೇ. ಅಂಥವನು ಕಳೆದ ಶಿವರಾತ್ರಿ ಹೊತ್ತಿನಲ್ಲಿ, ಸ್ಟೇಷನ್ ಹಿಂದಿನ ಚಿತ್ರದ ಮಿಲ್ಲಿನೊಳಗೆ, ಹೆಣವೇ ಇಲ್ಲದೆ ಒಂದು ಚಟ್ಟ ಕಟ್ಟಿ ನಿಲ್ಲಿಸಿದ್ದ. ಕಿಟಕಿಯಲ್ಲಿ ಇಣುಕಿ ಅದನ್ನು ಕಂಡು ಬಂದವನು ಕೆಂಚಯ್ಯ.

"ಅದು ಹೆಣ ಕೇಳ್ತು, ತಗಂತು" ಎಂದ ದೊಡ್ಡರಂಗಯ್ಯ. "ಈಗ ಅದನ್ನೇ ತಂದು ಅದ್ರ ಮೇಲೇ ಇವ್ನನ್ನ ಹೊರಬೇಕು. ಹೊಸದು ಕಟ್ಟಿದ್ರೆ ಅದು ಅಲ್ಲೇ ಖಾಲಿ ನಿಂತಿರ್ತದೆ. ಆಮೇಲೆ ಇನ್ಯಾರನ್ನ ಕೇಳ್ತದೋ."

ಇನ್ಯಾರು ಎಂದು ಅವನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ದುರ್ಗಯ್ಯನ ಮಗಳು ಪುಟ್ಟಗಂಗಮ್ಮ ತುಂಬಿದ ಬಸುರಿ. ಮಾಯಸಂದ್ರದಿಂದ ಬಸ್ಸು ಹಿಡಿದು ಬರುತ್ತಿದ್ದಳು. ಅವಳಿಗಾಗಿಯೇ ಹೆಣ ಎತ್ತದೆ ಕಾದಿದ್ದರು.

ಭೈರಮ್ಮ ಬಾಗಿಲ ಕಂಬಕ್ಕೆ ಒರಗಿ ಎಲ್ಲವನ್ನೂ ಕೇಳಿಸಿಕೊಂಡಳು. ಬೆಳಗಿನಿಂದ ಅವಳ ಕಣ್ಣಲ್ಲಿ ನೀರು ಬಂದಿರಲಿಲ್ಲ. ಬಂದ ಹೆಂಗಸರು ಅದನ್ನು ಗಮನಿಸಿ ಕಿವಿ ಕಚ್ಚಿಕೊಂಡೂ ಆಗಿತ್ತು. ಭೈರಮ್ಮ ಯಾವುದನ್ನೂ ಸುಲಭಕ್ಕೆ ನಂಬುವವಳಲ್ಲ. ಅಂಗಡಿಯವನು ಎಷ್ಟೇ ಆಣೆ ಇಟ್ಟರೂ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡದೆ ಕೊಳ್ಳುತ್ತಿರಲಿಲ್ಲ.

"ನಾನು ನೋಡ್ದೆ ಅದು ಈ ಅಂಗಳಕ್ಕೆ ಬರಂಗಿಲ್ಲ" ಎಂದಳು.

"ಗಂಡನ ಹೆಣ ಬುಟ್ಟು ಹೊಸ್ಲು ದಾಟ್ತೀಯಾ?"

"ಹೆಣ ಎಲ್ಲೂ ಹೋಗಕ್ಕಿಲ್ಲ ಬುಡು ಭಾವ. ಕೆಂಚ, ನಡಿಯೋ."

*

ಚಿತ್ರದ ಮಿಲ್ಲು ಮೊದಲು ಎಣ್ಣೆ ಮಿಲ್ಲಾಗಿತ್ತು. ಅದರ ಸಾಹುಕಾರರು ತೀರಿಕೊಂಡ ಮೇಲೆ ಕೆಲವು ಕಾಲ ಬೀಗ ಬಿದ್ದಿತ್ತು. ಆಮೇಲೆ ಅವರ ಕಿರಿಯ ಮಗ ಸದಾಶಿವಯ್ಯ ದೂರದ ಊರಿನಿಂದ ಚಿತ್ರ ಬರೆಯುವುದನ್ನು ಕಲಿತುಬಂದು ಬೀಗ ತೆಗೆಸಿದ. ಯಂತ್ರಗಳನ್ನು ಮಾರಿದ, ಮಸಿ ಹಿಡಿದ ಗೋಡೆಗೆ ಸುಣ್ಣ ಬಳಿಸಿದ, ಚಿತ್ರಗಳನ್ನು ನೇತುಹಾಕಿದ. ಯಾರು ಬೇಕಾದರೂ ಬಂದು ನೋಡಬಹುದು ಎಂದು ಬೋರ್ಡು ಬರೆಸಿದ. ಯಾರು ಬೇಕಾದರೂ ಎಂದಿದ್ದಕ್ಕೇ ಊರಿನವರಿಗೆ ಅನುಮಾನ ಬಂತು. ಒಳಗೆ ನೋಟು ಅಚ್ಚು ಹಾಕುತ್ತಾನೆ ಎಂದರು, ನಿಧಿ ಅಗೆಯುತ್ತಾನೆ ಎಂದರು. ಒಬ್ಬ ಪೊಲೀಸಿನವನು ಒಳಗೆ ಹೊಕ್ಕು ಸುತ್ತಿ ಬಂದು, "ಬರೀ ಬಣ್ಣ ಕಣ್ರಯ್ಯ" ಎಂದ. ಅದನ್ನೂ ಯಾರೂ ನಂಬಲಿಲ್ಲ.

ದುರ್ಗಯ್ಯ ಆ ಮಿಲ್ಲಿಗೆ ಹೋಗತೊಡಗಿದ್ದು ಚಪ್ಪರಕ್ಕೆ ಸೋಗೆ ಹೆಣೆಯಲು. ಕೆಲಸ ಮುಗಿದ ಮೇಲೂ ಶನಿವಾರ ಬಂತೆಂದರೆ ತಲೆಗೆ ನೀರು ಹಾಕಿಕೊಂಡು ಅತ್ತ ನಡೆಯುತ್ತಿದ್ದ. ಭೈರಮ್ಮ ಮೊದಲು ಹೆಂಡವಿರಬೇಕು ಎಂದುಕೊಂಡಳು. ಅವನ ಟವಲು ಮೂಸಿ ನೋಡಿದಳು. ಬಣ್ಣದೆಣ್ಣೆಯ ಘಾಟು ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ, ಈ ವಯಸ್ಸಿನಲ್ಲಿ ಯಾವಳಾದರೂ ಇರಬಹುದೇ ಎಂದುಕೊಂಡಳು. ಕೇಳಿದರೆ, "ತಂಪಾಗೈತೆ, ಕೂತಿರ್ತೀನಿ" ಎನ್ನುತ್ತಿದ್ದ.

ಮನೆಯಲ್ಲಿ ಅವರಿಬ್ಬರ ನಡುವೆ ಮಾತು ಕಡಿಮೆಯಾಗಿ ಆಗಲೇ ಬಹಳ ಕಾಲವಾಗಿತ್ತು. ಮಗ ಶ್ರೀರಂಗ ಕೊಬ್ಬರಿ ಲಾರಿಗೆ ಕ್ಲೀನರ್ ಆಗಿದ್ದ. ಒಂದು ಮಳೆಗಾಲ ಉತ್ತರದ ಕಡೆಗೆ ಕೊಬ್ಬರಿ ಹೊತ್ತು ಹೋದ ಲಾರಿ ಸೇತುವೆಯಿಂದ ಹೊಳೆಗೆ ಬಿತ್ತು. ಡ್ರೈವರ್ ಈಜಿ ದಡ ಸೇರಿದ. ಲಾರಿಯನ್ನು ಆಮೇಲೆ ಎಳೆದು ತೆಗೆದರು. ಶ್ರೀರಂಗ ಸಿಗಲಿಲ್ಲ. ಸುದ್ದಿ ಹೇಳಲು ಬಂದ ಡ್ರೈವರನನ್ನು ಭೈರಮ್ಮ ಅಂಗಳದಲ್ಲೇ ನಿಲ್ಲಿಸಿ ಕೇಳಿದ್ದಳು: "ನನ್ ಮಗ ಸತ್ತಿದ್ನ ನೀನು ಕಣ್ಣಾರೆ ಕಂಡ್ಯಾ?"

"ನೀರು ಕಂಡೆ ಕಣಮ್ಮ" ಎಂದಿದ್ದ ಅವನು.

ಅಷ್ಟು ಸಾಕಾಯಿತು ಅವಳಿಗೆ. ಹುಲ್ಲಿನ ಬೊಂಬೆ ಮಾಡಿ ಮಣ್ಣು ಮಾಡೋಣ ಎಂದ ದೊಡ್ಡರಂಗಯ್ಯನನ್ನು ಬೈದು ಕಳಿಸಿದಳು. ಹೆಣ ಕಂಡವರಿಲ್ಲ ಎಂದ ಮೇಲೆ ಮಗ ಸತ್ತಿಲ್ಲ. ಎಲ್ಲೋ ಹಿಂದಿಯವರ ಊರಿನಲ್ಲಿ ಯಾವಳನ್ನೋ ಕಟ್ಟಿಕೊಂಡು ಇದ್ದಾನೆ. ಉತ್ತರದಿಂದ ಲಾರಿ ಬಂತೆಂದು ಕೇಳಿದರೆ ಕೊಬ್ಬರಿ ಮಂಡಿಯ ಮುಂದೆ ಹೋಗಿ ನಿಲ್ಲುತ್ತಿದ್ದಳು. ಊರವರ ಮಕ್ಕಳಿಗೆಲ್ಲ ಚಟ್ಟ ಕಟ್ಟುತ್ತಿದ್ದ ದುರ್ಗಯ್ಯ ಇದಕ್ಕೆ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ.

*

ಮಿಲ್ಲಿನ ಬಾಗಿಲು ತೆರೆದೇ ಇತ್ತು. ಸುಣ್ಣದ ವಾಸನೆಯ ಅಡಿಯಲ್ಲಿ ಹಳೆಯ ಹಿಂಡಿಯ ಕಮಟು ಇನ್ನೂ ಉಳಿದಿತ್ತು. ಮೇಲೆ ಜಂತಿಯಲ್ಲಿ ಬೆಲ್ಟು ಕಳಚಿದ ದೊಡ್ಡ ಚಕ್ರವೊಂದು ಸುಮ್ಮನೆ ನಿಂತಿತ್ತು. ಸದಾಶಿವಯ್ಯ ಕೈಯಲ್ಲಿ ಹೂವಿನ ಹಾರ ಹಿಡಿದು ಹೊರಡುವ ಅವಸರದಲ್ಲಿದ್ದವನು ಅವಳನ್ನು ಕಂಡು ತಬ್ಬಿಬ್ಬಾದ.

"ನಾನೇ ಮನೆ ಹತ್ರ ಬರ್ತಿದ್ದೆ ಭೈರಮ್ಮ."

ಭೈರಮ್ಮ ಮಾರಲು ನಿಂತವನ ಮುಂದೆ ಸರಕು ನೋಡುವವಳಂತೆ ಗೋಡೆಗುಂಟ ನಡೆದಳು. ಒಂದು ಚಿತ್ರದಲ್ಲಿ ಕೆಂಪು ಬಿಟ್ಟರೆ ಏನೂ ಇರಲಿಲ್ಲ. ಇನ್ನೊಂದರಲ್ಲಿ ಬಟ್ಟೆಯನ್ನೇ ಸೀಳಿ ಹಾಗೇ ಬಿಟ್ಟಿದ್ದರು. ಇಲಿ ಕಚ್ಚಿರಬೇಕು ಎಂದುಕೊಂಡಳು. ಮುಂದೆ ಒಂದು ಕಪ್ಪು ಚಿತ್ರ, ಅದರ ಪಕ್ಕದಲ್ಲಿ, ತಲೆಯ ಮೇಲೊಂದು ಪುಟ್ಟ ಬಲ್ಬು ಉರಿಸಿಕೊಂಡು, ಗೋಡೆಗೆ ಒರಗಿ ಚಟ್ಟ ನಿಂತಿತ್ತು.

ಅನುಮಾನವೇ ಬೇಡ. ದುರ್ಗಯ್ಯನ ಕೈ. ಹಸಿರಿನಲ್ಲೇ ಹೆಣೆದ ಸೋಗೆ ಒಣಗಿ ಕಂದಾಗಿದ್ದರೂ ಒಂದು ಗರಿಯೂ ಸಡಿಲವಾಗಿರಲಿಲ್ಲ.

"ಇದನ್ನ ನೀವೇ ಕಟ್ಸಿದ್ದಾ ಸಾಮಿ?" ಎಂದಳು. ದನಿಯಲ್ಲಿ ಕತ್ತಿಯಿತ್ತು.

ಸದಾಶಿವಯ್ಯ ಇಲ್ಲವೆಂದ. ನಿನ್ನ ಕೈಯಿಂದ ಏನಾದರೂ ಒಂದು ಮಾಡು, ಚಿತ್ರಗಳ ಜೊತೆಗಿಡುತ್ತೇನೆ ಎಂದಷ್ಟೇ ಕೇಳಿದ್ದನಂತೆ. ಪುಟ್ಟಿಯೋ ನೆಲುವೋ ಮಾಡುತ್ತಾನೆ ಎಂದುಕೊಂಡಿದ್ದನಂತೆ. ಬೆಂಗಳೂರಿನಿಂದ ಬಂದವರೊಬ್ಬರು ಇದನ್ನು ಕೊಂಡುಕೊಳ್ಳಲು ಕೇಳಿದಾಗ ದುರ್ಗಯ್ಯ ಕೊಡಬೇಡಿ ಎಂದು ಕೈ ಮುಗಿದನಂತೆ.

ಬಾಗಿಲಲ್ಲೇ ನಿಂತಿದ್ದ ಕೆಂಚಯ್ಯ ಕೊನೆಗೂ ಒಳಗೆ ಬಂದ. ಚಟ್ಟದ ತಲೆಯ ಅಡ್ಡಪಟ್ಟಿಯಿಂದ ಒಂದು ಒಂಟಿ ಹುರಿ ಇಳಿಬಿದ್ದಿತ್ತು. ಅದು ಅಳತೆಯ ಹುರಿ. ಸತ್ತವರನ್ನು ನೆತ್ತಿಯಿಂದ ಹಿಮ್ಮಡಿಯವರೆಗೆ ಅದರಲ್ಲಿ ಅಳೆದು, ಅದನ್ನು ಚಟ್ಟಕ್ಕೇ ಕಟ್ಟಿ, ಅವರ ಜೊತೆಗೇ ಮಣ್ಣಿಗೆ ಹಾಕುವುದು ವಾಡಿಕೆ. ಮನೆಯಲ್ಲಿ ಉಳಿಸುವಂತಿಲ್ಲ. ಕೆಂಚಯ್ಯ ಹುರಿಯ ಗಂಟು ಬಿಚ್ಚಿ ಕೈಗೆ ಸುತ್ತಿ ಮಾರು ಹಾಕಿ ನೋಡಿದ.

"ಇದು ಭಾವಂದಲ್ಲ ಕಣಕ್ಕ. ಗಿಡ್ಡ ಐತೆ. ಭಾವನ್ನ ಇದ್ರಲ್ಲಿ ಮಲಗ್ಸಿದ್ರೆ ಕಾಲು ಆಚೆಗೇ."

"ಯಾರ್ದು ಮತ್ತೆ? ಕೊಡಿಲ್ಲಿ." ಭೈರಮ್ಮ ಹುರಿಯ ಒಂದು ತುದಿಯನ್ನು ಹಿಮ್ಮಡಿಯ ಕೆಳಗೆ ಮೆಟ್ಟಿದಳು. ಕೆಂಚಯ್ಯ ಇನ್ನೊಂದು ತುದಿಯನ್ನು ಅವಳ ತಲೆಯವರೆಗೆ ಎಳೆದ. ಹುರಿ ಸರಿಯಾಗಿ ನೆತ್ತಿಯ ಮೇಲೆ ಮುಗಿಯಿತು. ಅವನು ಅದನ್ನು ಬೆಂಕಿ ತಾಗಿದವನಂತೆ ಬಿಟ್ಟುಬಿಟ್ಟ.

*

ಹೋದ ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಅವಳು ರಾಗಿ ಕೇರುತ್ತಿದ್ದಾಗ ದುರ್ಗಯ್ಯ ಕೈಯಲ್ಲಿ ಹುರಿ ಹಿಡಿದು ಬಂದಿದ್ದ.

"ವಸಿ ಎದ್ದು ನಿಂತ್ಕ."

"ಯಾಕೆ?"

"ಸುಮ್ಕೆ. ಒಂದ್ ಅಳತೆ ಬೇಕಾಗಿತ್ತು."

ಮೊರ ಹಿಡಿದುಕೊಂಡೇ ನಿಂತಿದ್ದಳು. ಅವನು ಬಗ್ಗಿ ಅವಳ ಹಿಮ್ಮಡಿಯ ಹತ್ತಿರ ಹುರಿ ಒತ್ತಿ, ನಿಧಾನವಾಗಿ ಮೇಲಕ್ಕೆಳೆದು, ನೆತ್ತಿಯ ಮೇಲೆ ಹೆಬ್ಬೆರಳಿಟ್ಟು ಗಂಟು ಹಾಕಿದ್ದ. ಹೆಬ್ಬೆರಳನ್ನು ಬೇಗ ತೆಗೆಯಲಿಲ್ಲ. ಚಾಪೆ ಹೆಣೆಯಲು ಇರಬೇಕು ಎಂದುಕೊಂಡು ಅವಳು ಮತ್ತೆ ಕೂತು ರಾಗಿ ಕೇರಿದ್ದಳು.

*

"ನಂಗೇ ಕಟ್ಟವ್ನೆ" ಎಂದಳು ಭೈರಮ್ಮ. "ಬದುಕಿರೋಳ್ನ ಅಳೆದು ಕಟ್ಟವ್ನೆ."

ಅವನ ಮೌನ, ಶನಿವಾರದ ಸ್ನಾನ, ತಂಪಾಗೈತೆ ಎಂಬ ಮಾತು, ಎಲ್ಲವೂ ಒಂದೇ ಕಡೆಗೆ ಬೆರಳು ತೋರಿಸುವಂತೆ ಕಂಡವು. ಇಷ್ಟು ವರ್ಷ ಒಂದೇ ಚಾಪೆಯಲ್ಲಿ ಮಲಗಿದ ಗಂಡಸು, ಅವಳು ಯಾವಾಗ ಹೋಗುತ್ತಾಳೆಂದು ಇಲ್ಲಿ ಕೂತು ಕಾಯುತ್ತಿದ್ದನೇ?

ಸದಾಶಿವಯ್ಯ ಆ ಹೊತ್ತಿಗೆ ಹೊಂದದ ಒಂದು ಮಾತು ಹೇಳಿದ. ಎಲ್ಲವೂ ತೆಂಗಿನ ನಾರಿನದೇ ಆಗಿ, ಕಾಲ ಕಡೆಯ ಕಟ್ಟು ಮಾತ್ರ ಹಳದಿ ನೈಲಾನ್ ಹಗ್ಗದ್ದಾಗಿತ್ತು. ಕಣ್ಣಿಗೆ ಹೊಡೆಯುತ್ತದೆ, ಬದಲಾಯಿಸು ಎಂದು ತಾನು ಕೇಳಿದ್ದನಂತೆ. ಬೇರೆಲ್ಲಕ್ಕೂ ಆಗಲಿ ಎನ್ನುತ್ತಿದ್ದ ಮನುಷ್ಯ ಅದೊಂದಕ್ಕೆ ಒಪ್ಪಲಿಲ್ಲವಂತೆ.

ಭೈರಮ್ಮ ಬಗ್ಗಿ ನೋಡಿದಳು. ಲಾರಿಯ ಟಾರ್ಪಾಲು ಬಿಗಿಯುವ ಹಗ್ಗ. ಶ್ರೀರಂಗ ಮೊದಲನೇ ಟ್ರಿಪ್ಪಿನಿಂದ ಬಂದಾಗ, ಬಟ್ಟೆ ಒಣಗಿಸಕ್ಕಿರ್ಲಿ ಕಣವ್ವ ಎಂದು ಹಿತ್ತಿಲಲ್ಲಿ ಕಟ್ಟಿಕೊಟ್ಟಿದ್ದು. ಅದು ಕಾಣೆಯಾದಾಗ ಪಕ್ಕದ ಮನೆಯವಳೇ ಕದ್ದಳೆಂದು ಜಗಳ ಆಡಿದ್ದಳು. ಇವತ್ತಿಗೂ ಆ ಮನೆಯವರೊಂದಿಗೆ ಮಾತಿಲ್ಲ.

ಹುರಿಯನ್ನು ನೆಲದಿಂದ ಎತ್ತಿಕೊಂಡಳು. ಶ್ರೀರಂಗ ಅಪ್ಪನ ಉದ್ದ ಪಡೆದು ಬಂದವನಲ್ಲ. ಪುಟ್ಟಗಂಗಮ್ಮನ ಮದುವೆಯಲ್ಲಿ ತಾಯಿ ಮಗ ಅಕ್ಕಪಕ್ಕ ನಿಂತಾಗ, ಒಂದೇ ನೊಗಕ್ಕೆ ಕಟ್ಟಬಹುದು ಎಂದು ಬೀಗರು ನಕ್ಕಿದ್ದರು. ಹೊಳೆ ಕೊಡದ ಅಳತೆಯನ್ನು ದುರ್ಗಯ್ಯ ಅವಳಿಂದ ತೆಗೆದುಕೊಂಡಿದ್ದ.

ಹುರಿಯನ್ನು ಕೈಗೆ ಸುತ್ತಿಕೊಳ್ಳುತ್ತ ಕೇಳಿದಳು: "ಇಲ್ಲಿ ಬಂದು ಏನ್ಮಾಡ್ತಿದ್ದ?"

"ಇದರ ಮುಂದೆ ಕೂತಿರ್ತಿದ್ದ. ಬೀಡಿ ಕೂಡ ಸೇದ್ತಿರ್ಲಿಲ್ಲ. ಇದು ಯಾರಿಗೆ ದುರ್ಗಯ್ಯ ಅಂತ ಒಂದ್ಸಲ ಕೇಳ್ದೆ. ‘ಮನೇಲಿ ಕಟ್ಟಂಗಿಲ್ಲ ಸಾಮಿ’ ಅಂದ. ಅಷ್ಟೇ."

ಮನೆಯಲ್ಲಿ ಕಟ್ಟದಂತೆ ತಡೆದವಳು ಯಾರೆಂದು ಸದಾಶಿವಯ್ಯನಿಗೆ ಗೊತ್ತಿರಲಿಲ್ಲ. ಕೆಂಚಯ್ಯ ಮುಖ ಆಚೆಗೆ ತಿರುಗಿಸಿಕೊಂಡ. ಭೈರಮ್ಮ ಅಲ್ಲೇ, ನುಣುಪಾದ ಸಿಮೆಂಟಿನ ನೆಲದ ಮೇಲೆ ಕೂತಳು. ಎದುರಿಗೆ ಚಟ್ಟ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ನೆಲ ತಂಪಾಗಿತ್ತು.

ಆಮೇಲೆ ಎದ್ದು ಸೆರಗು ಬಿಗಿದುಕೊಂಡು, "ಎತ್ಕ" ಎಂದಳು.

"ಭಾವಂಗೆ ಸಾಲಕ್ಕಿಲ್ಲ ಕಣಕ್ಕ."

"ನಿಮ್ಮ ಭಾವಂಗೆ ಹೊಸ ಬಿದಿರು ಕಡಿ. ಹೊಲದಲ್ಲಿ ಇನ್ನೊಂದ್ ಗುಂಡಿ ತೋಡಕ್ಕೇಳು, ಅವ್ನ ಪಕ್ಕದಲ್ಲಿ."

*

ಒಂದು ತುದಿ ಕೆಂಚಯ್ಯ, ಇನ್ನೊಂದು ತುದಿ ಸದಾಶಿವಯ್ಯ ಹಿಡಿದು ಚಟ್ಟವನ್ನು ಬೀದಿಗೆ ತಂದಾಗ ಪುಟ್ಟಗಂಗಮ್ಮ ಬಂದಾಗಿತ್ತು. ದೊಡ್ಡರಂಗಯ್ಯ ತಾನು ಹೇಳಿದಂತೆಯೇ ಆಯಿತೆಂದು ಒಳಗಿನವರಿಗೆ ಹೆಣ ಎತ್ತಲು ಕೂಗಿದ. ಭೈರಮ್ಮ ಅಡ್ಡ ನಿಂತಳು.

"ಇದು ಅವ್ನದಲ್ಲ ಭಾವ."

"ಮತ್ಯಾರ್ದು?"

ಬೀದಿಯೇ ಕಿವಿಯಾಗಿ ನಿಂತಿತು.

"ಶ್ರೀರಂಗಂದು."

ಆ ಹೆಸರು ಬಾಯಿಂದ ಬಿದ್ದದ್ದೇ ಅವಳು ಬೀದಿಯಲ್ಲೇ ಕೂತುಬಿಟ್ಟಳು. ಹಳದಿ ಹಗ್ಗ ಕಂಡ ಪುಟ್ಟಗಂಗಮ್ಮ ತುಂಬಿದ ಹೊಟ್ಟೆ ಹಿಡಿದುಕೊಂಡು ಬಂದು ತಾಯಿಯ ಪಕ್ಕದಲ್ಲೇ ಕೂತಳು. ಅವರಿಬ್ಬರ ಅಳುವಿನಲ್ಲಿ ಯಾವುದು ಗಂಡನಿಗೆ, ಯಾವುದು ಮಗನಿಗೆ, ಯಾವುದು ಅಪ್ಪನಿಗೆ, ಯಾವುದು ಅಣ್ಣನಿಗೆ ಎಂದು ಬಂದ ಹೆಂಗಸರು ಬಿಡಿಸಲು ಹೋಗಲಿಲ್ಲ. ದೊಡ್ಡರಂಗಯ್ಯ ತಲೆಯ ಟವಲು ತೆಗೆದು ಹೆಗಲಿಗೆ ಹಾಕಿಕೊಂಡ. ಆಮೇಲೆ ತಾನೇ ಬಿದಿರಿನ ತುದಿ ಹಿಡಿದು, "ಕಡಿಯೋ ಕೆಂಚ" ಎಂದ.

ಬಿಸಿಲು ಇಳಿಯುವಾಗ ಬೀದಿಯಿಂದ ಎರಡು ಚಟ್ಟ ಹೊರಟವು. ಹೆಂಗಸರು ಬೀದಿಯ ಕೊನೆಯಲ್ಲೇ ನಿಂತರು. ಮುಂದಿನದರಲ್ಲಿ ದುರ್ಗಯ್ಯನ ಉದ್ದ ದೇಹ. ಹಿಂದಿನದರಲ್ಲಿ ಒಂದು ಬಿಳಿ ಬಟ್ಟೆ, ಅದು ಗಾಳಿಗೆ ಹಾರದಂತೆ ನಾಲ್ಕೂ ಕಡೆ ಸಿಕ್ಕಿಸಿದ್ದ ತೆಂಗಿನ ಗರಿ. ಅದನ್ನು ಒಬ್ಬನೇ ಕಂಕುಳಲ್ಲಿಟ್ಟುಕೊಂಡು ಹೋಗಬಹುದಿತ್ತು. ಆದರೂ ನಾಲ್ವರು ಹೆಗಲು ಕೊಟ್ಟಿದ್ದರು. ಹಿಂದಿನ ಬಲಗಡೆ ಸದಾಶಿವಯ್ಯನಿದ್ದ. ಅವನನ್ನು ಯಾರೂ ಬೇಡವೆನ್ನಲಿಲ್ಲ.

ಕೆರೆ ಏರಿ ಹತ್ತುವ ಕಡೆ ಮುಂದಿನ ಚಟ್ಟದವರು ಭಾರ ತಾಳದೆ ನಿಂತು ಹೆಗಲು ಬದಲಿಸಿದರು. ಹಿಂದಿನ ಚಟ್ಟದವರೂ ನಿಂತರು. ಬೆನ್ನು ಬಗ್ಗಿಸಿ, ಒಬ್ಬರಿಗೊಬ್ಬರು ನಿಧಾನ ನಿಧಾನ ಎಂದುಕೊಳ್ಳುತ್ತ, ಅವರೂ ಹೆಗಲು ಬದಲಿಸಿಕೊಂಡರು.