ಖಾಲಿ ಗಾಜಿನ ಗುಡ್ಡ

ಸಮಸ್ತ ಜನತೆಯ ಅವಗಾಹನೆಗೆ ತರುವುದೇನೆಂದರೆ: ಧೂಳು ಸಂಶೋಧನಾಲಯದಲ್ಲಿ ಇಂದು ಬೆಳಿಗ್ಗೆ ಧೂಳು ಒರೆಸಲಾಯಿತು. ಸಂಜೆ ಸನ್ಮಾನ. ಅಲ್ಲಿನ ಹಿರಿಯ ಸಂಶೋಧಕಿ ಸೂರ್ಯನ ಸಂಸಾರಕ್ಕೆ ಸೇರದ ಒಂದು ಧೂಳಿನ ಕಣ ಹಿಡಿದಿದ್ದಾಳೆಂದು ಊರೆಲ್ಲ ಸುದ್ದಿ.

ಮಧ್ಯಾಹ್ನ ಅವಳು ಅಮ್ಮನನ್ನು ಉಪಕರಣದ ಮುಂದೆ ಕೂರಿಸಿಕೊಂಡಳು.

"ನಮ್ಮ ಸೂರ್ಯನ ಸುತ್ತಲಿನ ಸಿಲಿಕೇಟ್ ಧೂಳು, ಅಂದ್ರೆ ಕಲ್ಲಿನ ಪುಡಿ, ಇದೆಯಲ್ಲಮ್ಮ, ಅದ್ರಲ್ಲಿ ಎಷ್ಟೋ ಕಣ ಬಿಸಿಗೆ ಬೆಂದು ಹರಳಾಗಿರುತ್ತೆ. ಬೆಳಕು ಬಿಟ್ರೆ ತೆರೆ ಮೇಲೆ ಗೆರೆ ಗರಗಸದ ಹಲ್ಲಿನ ಹಾಗೆ ಬರುತ್ತೆ. ನಕ್ಷತ್ರಗಳ ನಡುವೆ ಅಲೆಯೋದು ಹೆಚ್ಚಾಗಿ ಬೇಯದೇ ಇರೋದು, ಗಾಜಿನ ಥರ. ಅದರ ಗೆರೆ ನುಣ್ಣಗೆ, ಒಂದೇ ಗುಡ್ಡ."

"ಹಲ್ಲಿದ್ರೆ ನಮ್ಮೋರು, ಬೊಚ್ಚಾದ್ರೆ ಹೊರಗಿನೋರು. ಹಾಗಾದ್ರೆ ನಾನು ಎಲ್ಲಿಯೋಳೇ?" ಅಮ್ಮ ಬೊಚ್ಚುಬಾಯಿ ತೆರೆದು ನಕ್ಕಳು. "ಮಂಚದ ಕೆಳಗಿನ ಧೂಳು ಯಾವತ್ತೂ ಕಾಣ್ಲಿಲ್ಲ ನಿನಗೆ. ಇದು ಕಾಣ್ತು ನೋಡು!"

ಏನೂ ಇಲ್ಲದಾಗ ಗೆರೆ ಸಪಾಟಾಗಿರುತ್ತದೆಂದು ತೋರಿಸಲು ಮಗಳು ಮೊದಲು ಖಾಲಿ ತಟ್ಟೆಯೊಂದನ್ನು ಒಳಗಿಟ್ಟಳು. ಕಣ ಕೂರಿಸಿದ್ದ ತಟ್ಟೆಯಂಥದ್ದೇ ಇನ್ನೊಂದು ಅದು. ತೆರೆಯ ಮೇಲೆ ನುಣ್ಣನೆಯ ಗುಡ್ಡ ಎದ್ದು ನಿಂತಿತು.

"ಬಂತಲ್ಲೇ!" ಅಮ್ಮ ಚಪ್ಪಾಳೆ ತಟ್ಟಿದಳು.

ಮಗಳ ಕಿವಿ ಕಾದ ಕಾವಲಿಯಾಯಿತು. ತಮ್ಮದೇ ಗೆರೆ ತೋರಿಸದ, ಚಿನ್ನ ಲೇಪಿಸಿದ ತಟ್ಟೆಗಳು ಮುಗಿದಿದ್ದ ದಿನ, ಅವಸರಕ್ಕೆ, ಕಣವನ್ನು ಸಾದಾ ಗಾಜಿನ ಮೇಲಿಟ್ಟಿದ್ದಳು. ಬರೀ ತಟ್ಟೆಯನ್ನು ಅಳೆದು ನೋಡಿರಲಿಲ್ಲ. ಗಾಜೂ ಹರಳಾಗದ ಸಿಲಿಕೇಟೇ. ಇಷ್ಟು ದಿನ ಮಾತಾಡಿದ್ದು ಗಾಜು, ಕೊಚ್ಚಿಕೊಂಡಿದ್ದು ತಾನು. ಆ ಕಣಕ್ಕಿಂತ ಚಿಕ್ಕವಳಾಗಿ ಅದರ ಹಿಂದೆ ಅಡಗಿಕೊಳ್ಳಬೇಕೆನಿಸಿತು.

"ಅಮ್ಮ, ಅದರಲ್ಲಿ ಏನೂ ಇಟ್ಟಿಲ್ಲ. ನಾನು ಹಿಡಿದಿದ್ದೂ ಗಾಜನ್ನೇ."

ಅಮ್ಮನ ಕೈ ಗಾಳಿಯಲ್ಲೇ ನಿಂತಿತು. "ಬೀದಿಗೆಲ್ಲ ಹೇಳ್ಕೊಂಡು ಬಂದಿದೀನಲ್ಲೇ. ಎದುರುಮನೆಯೋಳು ಮುಂದಿನ ಸಾಲಲ್ಲೇ ಕೂತಿರ್ತಾಳೆ."

"ವೇದಿಕೆ ಮೇಲೆ ನಿಂತು ನಾನೇ ತಪ್ಪಾಯ್ತು ಅಂತೀನಿ."

ಅಮ್ಮ ಅವಳ ಮುಖ ನೋಡದೆ ಕನ್ನಡಕ ಒರೆಸಿದಳು. "ಹೇಳು. ನಾನು ಎದ್ದು ಹೋಗಲ್ಲ."

ಅಷ್ಟು ಧೈರ್ಯ ಸಾಕಾಯಿತು. ಮಗಳು ನೇರ ನಿರ್ದೇಶಕರ ಕೋಣೆಗೆ ಹೋಗಿ ಎಲ್ಲ ಒಪ್ಪಿಕೊಂಡಳು. ಅವರು ಎದ್ದು ಬಾಗಿಲು ಹಾಕಿದರು.

"ಹಾಗೆಲ್ಲ ಹೇಳೋಕಾಗಲ್ಲಮ್ಮ. ಸಂಸ್ಥೆಯ ಫಲಿತಾಂಶ ವಾಪಸ್ ತಗೋಬೇಕಾದ್ರೆ ಪರಿಶೀಲನಾ ಸಮಿತಿ ಒಪ್ಪಬೇಕು."

"ಈಗಲೇ ಕರೀರಿ ಸರ್."

"ಅಧ್ಯಕ್ಷರು ಕರೀಬೇಕು."

"ಅಧ್ಯಕ್ಷೆ ನಾನೇ ಅಲ್ವಾ!"

"ಅದೇ ತೊಂದರೆ. ತನ್ನ ವಿಷಯಕ್ಕೆ ತಾನೇ ಸಭೆ ಕರೆಯೋ ಹಾಗಿಲ್ಲ. ನಿಯಮ ಬರೆದೋರೂ ನೀವೇ." ನಿರ್ದೇಶಕರು ಕೋಟಿನ ಗುಂಡಿ ಹಾಕಿಕೊಂಡರು. "ಸಮಿತಿ ಒಪ್ಪೋವರೆಗೂ ಅದು ಹೊರಗಿನ ಧೂಳೇ. ನಡೀರಿ, ಜನ ಕಾಯ್ತಿದಾರೆ."