ಎರಡು ಗಿಡ ಇರಬೇಕಂತೆ

ಸೊಣ್ಣಮ್ಮನ ಗಂಡ ಬೈರಣ್ಣ ಮಾಕಳಿಯಿಂದ ಯಶವಂತಪುರಕ್ಕೆ ಹುಲ್ಲಿನ ಬಂಡಿ ಹೊಡೆದುಕೊಂಡು ಹೋದವನು, ದಾರಿಯಲ್ಲಿ ಹೊಂಗೆ ಮರದ ನೆರಳಿಗೆ ಬಂಡಿ ನಿಲ್ಲಿಸಿ ಕೂತ. ಮತ್ತೆ ಏಳಲಿಲ್ಲ. ಕಾಯಿಲೆ ಇರಲಿಲ್ಲ, ಕಸಾಲೆ ಇರಲಿಲ್ಲ. ಬೆಳಿಗ್ಗೆ ಅಂಬಲಿ ಕುಡಿದು, ಸಂಜೆಗೆ ಹುರುಳಿ ಸಾರು ಮಾಡೆಂದು ಹೇಳಿ ಹೋಗಿದ್ದ. ಸುದ್ದಿ ಬಂದಾಗ ಹುರುಳಿ ಒಲೆಯ ಮೇಲೆ ಬೇಯುತ್ತಿತ್ತು. ಹೆಂಗಸರು ಅಂಗಳಕ್ಕೆ ಓಡಿ ಬಂದು ಎದೆ ಬಡಿದುಕೊಂಡರು. ಸೊಣ್ಣಮ್ಮ ಮಾತ್ರ ಒಳಗೆ ಹೋಗಿ, ಒಲೆಯಿಂದ ಸೌದೆ ಹೊರಗೆಳೆದು, ನೀರು ಚಿಮುಕಿಸಿ ಬಂದು ಕೂತಳು. ಗಂಡ ಸತ್ತ ಸುದ್ದಿ ಕೇಳಿ ಒಲೆ ಆರಿಸಿ ಬಂದವಳು ಎಂದು ಮಾಕಳಿಯವರು ಬಹಳ ಕಾಲ ಆಡಿಕೊಂಡರು.

ಅಳು ಬರಲಿಲ್ಲ, ಅಷ್ಟೆ. ಬಳೆ ಒಡೆದಾಗ ಬರಲಿಲ್ಲ, ಮಣ್ಣು ಮಾಡಿ ಬಂದಾಗಲೂ ಬರಲಿಲ್ಲ. ಯಾರದೋ ಮನೆಯ ಸಾವಿಗೆ ಬಂದು ಕೂತಿದ್ದೇನೆ, ಸ್ವಲ್ಪ ಹೊತ್ತಿಗೆ ಎದ್ದು ಮನೆಗೆ ಹೋಗಬೇಕು ಎನ್ನಿಸುತ್ತಿತ್ತು. ಆದರೆ ಅದೇ ಅವಳ ಮನೆ.

ಮಕ್ಕಳಿರಲಿಲ್ಲವಾದ್ದರಿಂದ ಮಾಕಳಿಯಲ್ಲಿ ಇರು ಅನ್ನುವವರೂ ಇರಲಿಲ್ಲ. ತಿಥಿ ಮುಗಿದ ಮೇಲೆ ಅಣ್ಣ ಮುನಿಕೃಷ್ಣಪ್ಪ ಅವಳನ್ನು ಹೆಬ್ಬಾಳಕ್ಕೆ ಕರೆದುಕೊಂಡು ಬಂದ. ಅವನು ಅಲ್ಲಿನ ಕೃಷಿ ಕಾಲೇಜಿನ ತೋಟದಲ್ಲಿ ಮಾಲಿ. ಅತ್ತಿಗೆ ಲಕ್ಷ್ಮಿದೇವಮ್ಮನದು ಮಾತು ಜಾಸ್ತಿ, ಮನಸ್ಸು ಕೆಟ್ಟದ್ದಲ್ಲ. ನಾದಿನಿಗೆ ಮೂಲೆಯ ಕೋಣೆ ಬಿಟ್ಟುಕೊಟ್ಟಳು, ಚಾಪೆ ಕೊಟ್ಟಳು, ಎಣ್ಣೆನೀರು ಹಾಕಿದಳು. ಸೊಣ್ಣಮ್ಮ ಹೇಳಿದ ಕೆಲಸ ಮಾಡುತ್ತಿದ್ದಳು. ರಾಗಿ ಬೀಸು ಅಂದರೆ ಬೀಸುವಳು. ಸಾಕು ಬಿಡು ಅನ್ನುವವರೆಗೆ ಬೀಸುತ್ತಲೇ ಇರುವಳು.

ಆಷಾಢದಲ್ಲಿ ಒಂದು ಸಂಜೆ ಮುನಿಕೃಷ್ಣಪ್ಪ ಔಷಧಿ ಪೊಟ್ಟಣದಂಥ ಒಂದು ಕಾಗದ ತಂದು ತಂಗಿಯ ಕೈಗೆ ಕೊಟ್ಟ. ಕಾಲೇಜಿಗೆ ಅಮೇರಿಕದಿಂದ ಬಂದಿದ್ದ ಪ್ರೊಫೆಸರರ ಹೆಂಡತಿ ಕೊಟ್ಟ ಬೀಜವದು.

"ಟೊಮೆಟಿಲ್ಲೊ ಅಂತೆ. ಅವ್ರ ದೇಸದ ಪಕ್ಕ ಮೆಕ್ಸಿಕೊ ಅಂತ ಐತಲ್ಲ, ಅಲ್ಲೀದು. ಒಂದೊಂದ್ ಮನೇಲಿ ಒಸಿ ಹಾಕ್ನೋಡ್ರಿ, ಇಲ್ಲಿ ಬತ್ತದೋ ಇಲ್ವೋ ನೋಡನ ಅಂದ್ರು ದೊರೆಸಾನಿ. ನೀನ್ ಹಾಕು ಸೊಣ್ಣಿ."

"ನಂಗ್ಯಾಕಣ್ಣ?"

"ಯಾಕೆ ಅಂದ್ರೆ? ಹಾಕು. ಸುಮ್ಕೆ ಕೂತಿರ್ತೀಯ."

ಅವಳು ಹಿತ್ತಲಲ್ಲಿದ್ದ ಒಡಕು ಮಡಕೆಗೆ ಮಣ್ಣು, ಗೊಬ್ಬರ, ಒಲೆಯ ಬೂದಿ ಕಲಸಿ ತುಂಬಿ, ಬೀಜ ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿದಳು. ಒಂದು ವಾರ ಕಳೆಯುವುದರೊಳಗೆ ಕೂದಲಿನಂಥ ಮೊಳಕೆ ಒತ್ತೊತ್ತಾಗಿ ಎದ್ದವು. ಬಿಡಿಸಿ ಬೇರೆ ಕಡೆ ನೆಡಬೇಕೆಂದು ಗೊತ್ತಿತ್ತು. ಇವತ್ತು ನಾಳೆ ಎನ್ನುತ್ತಾ ಇದ್ದಳು. ಒಂದು ಮಧ್ಯಾಹ್ನ ಅವಳು ಜಗಲಿಯ ಮೇಲೆ ಕೂತು ನೋಡುತ್ತಿದ್ದಂತೆಯೇ ಅತ್ತಿಗೆಯ ಕೋಳಿ ಮಡಕೆ ಹತ್ತಿ ಕೆದಕತೊಡಗಿತು. ಓಡಿಸಬೇಕು ಎಂದುಕೊಂಡಳು. ಕೈ ಎತ್ತುವಷ್ಟರಲ್ಲಿ ಕೋಳಿ ತನ್ನ ಕೆಲಸ ಮುಗಿಸಿ ಇಳಿದು ಹೋಯಿತು. ಉಳಿದದ್ದು ಒಂದೇ ಸಸಿ. ಅದನ್ನು ಬಚ್ಚಲ ನೀರು ಹೋಗುವ ಕಡೆ ನೆಟ್ಟು, ಸುತ್ತ ಮುಳ್ಳು ಸಿಕ್ಕಿಸಿದಳು.

ಗಿಡ ಸೊಂಟದೆತ್ತರ ಬೆಳೆದು ಅಡ್ಡಡ್ಡ ಹರಡಿತು. ಎಲೆ ನೋಡಿದ ಲಕ್ಷ್ಮಿದೇವಮ್ಮನಿಗೆ ನಗು ಬಂತು. "ಇದು ನಮ್ ಬದುವಿನ್ ಮೇಲೆ ಬೆಳ್ಯೋ ಬುಡ್ಡೆ ಗಿಡ ಕಣೆ! ಇದ್ನ ಅಮೇರಿಕದಿಂದ ತರ್ಬೇಕಿತ್ತಾ?" ಹೂವೂ ಹಾಗೇ ಇತ್ತು: ಹಳದಿ, ಒಳಗೆ ಕಪ್ಪು ಮಚ್ಚೆ. ದಸರೆಯ ಹೊತ್ತಿಗೆ ಗಿಡದ ತುಂಬ ಹೂವು. ಬಂದ ಹೂವೆಲ್ಲ ಉದುರುತ್ತಿತ್ತು. ಅಲ್ಲೊಂದು ಇಲ್ಲೊಂದು ಹಸಿರು ಬುಡ್ಡೆ ಊದಿಕೊಂಡು ನಿಂತರೂ ಹಿಸುಕಿದರೆ ಒಳಗೆ ಏನೂ ಇರಲಿಲ್ಲ. ಸೊಣ್ಣಮ್ಮ ದಿನವೂ ಒಂದೆರಡು ಹಿಸುಕಿ ನೋಡುವಳು. ಆಸೆಯಿಂದ ನೋಡುತ್ತಿದ್ದಳೆಂದಲ್ಲ. ಕೈಗೆ ಅದೊಂದು ರೂಢಿಯಾಗಿತ್ತು.

"ಕಿತ್ತಾಕು ಅತ್ಲಾಗೆ," ಎಂದಳು ಒಂದು ದಿನ ಲಕ್ಷ್ಮಿದೇವಮ್ಮ, ಪಾತ್ರೆ ತೊಳೆಯುತ್ತಾ. "ಜಾಗ ದಂಡ. ಗೊಡ್ಡು ಗಿಡ."

ಮಾತು ಆಡಿದ ಮೇಲೆ ಅವಳ ಕೈ ನಿಂತಿತು. ಸೊಣ್ಣಮ್ಮನಿಗೆ ಮದುವೆಯಾಗಿ ಹತ್ತು ವರ್ಷದ ಮೇಲಾಗಿತ್ತು. ಮಾಕಳಿಯಲ್ಲಿ ಆ ಮಾತನ್ನು ಅವಳು ಕೇಳದ ಹಬ್ಬವಿರಲಿಲ್ಲ. ಆಗೆಲ್ಲ ಹಿತ್ತಲಿಗೆ ಹೋಗಿ ಅತ್ತು ಬರುತ್ತಿದ್ದಳು. ಈಗ ಅವಳು ಕಾದಳು. ಏನೂ ಆಗಲಿಲ್ಲ. ಅತ್ತಿಗೆಯ ಮುಖ ಕೆಂಪಾದದ್ದು, ಬೂದಿ ಹತ್ತಿದ ಚೆಂಬು ಅವಳ ಕೈಯಿಂದ ಜಾರಿ ಉರುಳಿದ್ದು ಮಾತ್ರ ಕಾಣಿಸಿತು. ಅವಳೇ ಎದ್ದು ಚೆಂಬು ಎತ್ತಿಕೊಟ್ಟಳು.

ಆ ರಾತ್ರಿ ಲಕ್ಷ್ಮಿದೇವಮ್ಮ ಮುದ್ದೆಗೆ ಬಸ್ಸಾರು ಮಾಡಿ, ಬೇಡ ಅಂದರೂ ನಾದಿನಿಗೆ ಎರಡೆರಡು ಸಲ ಬಡಿಸಿದಳು. ಗಂಡನ ಕಡೆ ತಿರುಗಿ, "ಆ ದೊರೆಸಾನಿಯ ಕೇಳ್ಬಾರ್ದಾ, ಯಾಕೆ ಕಾಯಿ ಕಚ್ಚಾಕಿಲ್ಲ ಅಂತ?" ಎಂದಳು.

ಮಾರನೆಯ ದಿನ ಮುನಿಕೃಷ್ಣಪ್ಪ ಕೇಳಿಕೊಂಡು ಬಂದ. "ಒಂದೇ ಗಿಡ ಇದ್ರೆ ಆಗಾಕಿಲ್ವಂತೆ. ಅದರ ಹೂವಿನ ಪುಡಿ ಅದಕ್ಕೇ ಹತ್ತಾಕಿಲ್ವಂತೆ. ಎರಡು ಗಿಡ ಇರ್ಬೇಕಂತೆ, ಜೇನುಹುಳ ಇಲ್ಲಿಂದಲ್ಲಿಗೆ ಓಡಾಡ್ಬೇಕಂತೆ. ಅವ್ರ ಅಡುಗೆಯವ್ನ ಹೆಂಡ್ತಿ ಅಕ್ಬರೀಗೂ ಬೀಜ ಕೊಟ್ಟವ್ರೆ. ಅಲ್ಲೂ ಒಂದೇ ಉಳಿದಿರೋದು."

ಬೆಳಿಗ್ಗೆ ಮನೆಯ ಕೆಲಸ ಮುಗಿಸಿ ಸೊಣ್ಣಮ್ಮ ಸೆರಗು ಹೊದ್ದು ಹೊರಟಳು. ಮಾಕಳಿಯಿಂದ ಬಂದ ಮೇಲೆ ಅವಳು ಬೀದಿಗೆ ಇಳಿದದ್ದು ಅದೇ ಮೊದಲು. ಎರಡು ಗಿಡ ಬೇಕು ಅಂದರು, ಹೊರಟಳು.

ಅಕ್ಬರಿ ದೊರೆಸಾನಿಯ ಬಂಗಲೆಯ ಹಿಂದಿನ ಸಾಲುಮನೆಯಲ್ಲಿದ್ದಳು. ಸೀಮೆಎಣ್ಣೆ ಡಬ್ಬದಲ್ಲಿ ಅವಳ ಗಿಡವಿತ್ತು, ಬುಡದಲ್ಲಿ ಹಳದಿ ಹೂವು ಚೆಲ್ಲಾಡಿತ್ತು.

"ನಂದೂ ಇಂಗೇ ಅಕ್ಕ," ಎಂದಳು ಅವಳು, ಪರಿಚಯ ಹೇಳಿಕೊಳ್ಳುವುದಕ್ಕೂ ಬಿಡದೆ. "ಹೂ ಬರ್ತದೆ, ಹೋಗ್ತದೆ. ನಮ್ಮನೆಯವ್ರು ಬೀಜಾನೇ ಖರಾಬು ಅಂತಿದ್ರು. ಎರಡು ಗಿಡ ಜೊತೇಲಿ ಇರ್ಬೇಕು ಅಂತ ದೊರೆಸಾನಿ ನಿನ್ನೆ ಅಂದ್ರು. ನಿಮ್ದು ನೆಲದಲ್ಲಿ ಐತಾ? ಹಂಗಾದ್ರೆ ಅದನ್ನ ಕೀಳೋದು ಬ್ಯಾಡ. ನಂದೇ ಅಲ್ಲಿಗೆ ಬರ್ಲಿ."

ಹಸಿ ಮಣ್ಣಿನ ಡಬ್ಬ ಸುಲಭವಾಗಿ ಏಳಲಿಲ್ಲ. ಹಳೆಯ ಸೀರೆ ತುಂಡು ಸುತ್ತಿ ಇಬ್ಬರೂ ಒಂದೊಂದು ಕಡೆ ಹಿಡಿದರು. ಕೆರೆ ಏರಿಯ ಕೆಳಗಿನ ದಾರಿಯಲ್ಲಿ ಇಳಿಸಿ, ಉಸಿರು ಬಿಟ್ಟು, ಮತ್ತೆ ಎತ್ತಿದರು. ಬಳೆಯಿಲ್ಲದ ಕೈಯೊಂದು, ಕೈ ತುಂಬ ಗಾಜಿನ ಬಳೆಯ ಕೈಯೊಂದು. ಎಮ್ಮೆ ಮೇಯಿಸುತ್ತಿದ್ದ ಮುದುಕ, "ಏನವ್ವ ಅದು, ತುಳಸಿಯಾ?" ಎಂದ. "ಅಮೇರಿಕದ ಬುಡ್ಡೆ ಹಣ್ಣು ತಾತ," ಎಂದು ಅಕ್ಬರಿ ಕೂಗಿದಳು.

ತನ್ನ ಗಿಡ ನೋಡಿಕೊಳ್ಳಬೇಕಲ್ಲ ಎಂದು ಅಕ್ಬರಿ ದಿನಾ ಬರತೊಡಗಿದಳು. ನೀರು ಹಾಕಿ, ಗಿಡದ ಬುಡದಲ್ಲೇ ಕಾಲು ಚಾಚಿ ಕೂತು ಹರಟುವಳು. ಮನಸ್ಸಿಗೆ ಬಂದದ್ದನ್ನು ನೇರ ಕೇಳಿಬಿಡುವ ಹೆಂಗಸು.

"ನಿಮ್ಮೋರು ಹೋದಾಗ ನೀವು ಅಳಲಿಲ್ವಂತೆ?"

"ಯಾರಂದ್ರು?"

"ಎಲ್ರೂ ಅಂತಾರೆ."

"ಬರ್ಲಿಲ್ಲ," ಎಂದಳು ಸೊಣ್ಣಮ್ಮ.

"ಸಿಟ್ಟಿತ್ತಾ ಅವ್ರ ಮೇಲೆ?"

"ಇಲ್ಲ."

"ಹೆಂಗಿದ್ರು ಮತ್ತೆ?"

ಸೊಣ್ಣಮ್ಮ ನೆನೆಯಲು ನೋಡಿದಳು. ಮುಖ ಸರಿಯಾಗಿ ಸಿಗಲಿಲ್ಲ. "ಮಲ್ಗೋವಾಗ ಕಾಲು ಎತ್ತಿ ಗೋಡೆಗೆ ಇಡೋರು. ದಿನಾ ಬಂಡಿ ಹೊಡೆದು ಕಾಲು ನೋಯ್ತಿತ್ತಲ್ಲ. ಗೋಡೆ ಮೇಲೆ ಎರಡು ಪಾದದ ಕರೆ ಬಿದ್ದಿತ್ತು. ನಾನು ದಿನಾ ಬೈಯೋಳು, ಗೋಡೆ ಗಲೀಜು ಮಾಡ್ತೀರ ಅಂತ."

"ಈಗ್ಲೂ ಐತಾ?"

"ತಿಥಿಗೆ ಮನೇಗೆಲ್ಲ ಸುಣ್ಣ ಹೊಡೆದ್ರು."

ಅಕ್ಬರಿಯ ಕಣ್ಣಲ್ಲಿ ನೀರು ತುಂಬಿತು. ಸೊಣ್ಣಮ್ಮ ಅದನ್ನು ನೋಡುತ್ತಾ ಕೂತಳು. ತನ್ನ ಮಾತಿಗೆ ಇನ್ನೊಬ್ಬಳು ಅಳುತ್ತಿರುವುದು ಅವಳಿಗೆ ವಿಚಿತ್ರವಾಗಿ ಕಂಡಿತು. ತನ್ನ ಸೆರಗಿನ ತುದಿ ಎಳೆದು ಅವಳ ಕೈಗೆ ಕೊಟ್ಟಳು.

ಕಾರ್ತಿಕದಲ್ಲಿ ಕಾಯಿ ಕಚ್ಚಿತು. ಈ ಸಲ ಹಿಸುಕಿದರೆ ಬುಡ್ಡೆಯೊಳಗೆ ಗಟ್ಟಿಯಾಗಿ ಏನೋ ಸಿಕ್ಕಿತು. ಕಾಯಿ ದಪ್ಪವಾಗುತ್ತಾ ಹೋಗಿ, ಕಾಗದದಂಥ ಸಿಪ್ಪೆಯಲ್ಲಿ ಹಿಡಿಸದೆ, ಸಿಪ್ಪೆ ಬಾಯಿ ಬಿಟ್ಟು, ಒಳಗಿನ ಹಸಿರು ಕಾಣತೊಡಗಿತು. ಬಿಡಿಸಿದರೆ ಕೈಗೆ ಅಂಟು. ಎರಡೂ ಗಿಡ ಬಗ್ಗಿ ನೆಲ ಮುಟ್ಟಿದವು. ಲಕ್ಷ್ಮಿದೇವಮ್ಮ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಜೊತೆ ಕೆಂಡದಲ್ಲಿ ಸುಟ್ಟು ಒರಳಿಗೆ ಹಾಕಿ ಗೊಜ್ಜು ಮಾಡಿದಳು. "ಹುಣಿಸೆಹಣ್ಣೇ ಬ್ಯಾಡ ಕಣೆ, ಇಷ್ಟು ಹುಳಿ ಐತೆ!" ಎಂದು ಬೀದಿಯವರಿಗೆಲ್ಲ ಬೆರಳಿಗೆ ಹಚ್ಚಿ ನೆಕ್ಕಿಸಿದಳು. ಸೊಣ್ಣಮ್ಮನೂ ತಿಂದಳು. ಹುಳಿಯಾಗಿತ್ತು.

ಮುನಿಕೃಷ್ಣಪ್ಪ ಒಂದು ಬುಟ್ಟಿ ಬಂಗಲೆಗೆ ಕೊಟ್ಟು ಬಂದ. ದೊರೆಸಾನಿ ಕುಣಿದಾಡಿಬಿಟ್ಟಳಂತೆ, ಯಾರು ಬೆಳೆದದ್ದು ಎಂದು ಕೇಳಿದಳಂತೆ. ಅವನು ಇದನ್ನು ಹೇಳುತ್ತಿದ್ದಾಗ ಸೊಣ್ಣಮ್ಮ ಮಧ್ಯೆ ಬಾಯಿ ಹಾಕಿದಳು.

"ಅಣ್ಣ, ನಿಮ್ ತೋಟದ್ ಸಸಿಮಡೀಗೆ ಹೆಣ್ಣಾಳು ತಗೋತಾರಾ?"

ಅವನು ತಬ್ಬಿಬ್ಬಾದ. "ತಗೋತಾರೆ. ನಿಂಗ್ಯಾಕದು? ಇನ್ನೂ ವರ್ಷ ತುಂಬಿಲ್ಲ. ತಂಗೀನ ಕೂಲಿಗೆ ಕಳಿಸ್ದ ಅಂತ ಜನ ನನ್ನ ಉಗೀತಾರೆ."

"ಉಗುಳ್ಲಿ ಬಿಡಿ," ಎಂದಳು ಒಳಗಿನಿಂದ ಲಕ್ಷ್ಮಿದೇವಮ್ಮ. "ನಾಕು ಗೋಡೆ ನೋಡ್ಕೊಂಡು ಎಷ್ಟು ದಿನ ಕೂತಿರ್ತಾಳೆ? ಓಗ್ಲಿ. ಬುತ್ತಿ ನಾ ಕಟ್ತೀನಿ."

ಸಂಕ್ರಾಂತಿ ಕಳೆದ ಮೇಲೆ ಗಿಡಗಳು ಒಣಗಿದವು. ಅಕ್ಬರಿ ಡಬ್ಬ ಬರಿದು ಮಾಡಿ ಮನೆಗೆ ಒಯ್ದಳು. ಸೊಣ್ಣಮ್ಮ ತನ್ನ ಗಿಡ ಕಿತ್ತು, ಬೇರಿನ ಮಣ್ಣು ಕೊಡವಿ, ತಿಪ್ಪೆಗೆ ಎಸೆದು ಕೈ ತೊಳೆದುಕೊಂಡಳು. ಅಷ್ಟು ಹೊತ್ತಿಗೆ ಅವಳು ಕೆಲಸಕ್ಕೆ ಹೋಗತೊಡಗಿ ಕೆಲವು ದಿನಗಳಾಗಿದ್ದವು.

ಸಸಿಮಡಿಯಲ್ಲಿ ಹೆಂಗಸರು ಸಾಲಾಗಿ ಕುಕ್ಕರಗಾಲಲ್ಲಿ ಕೂತು ಕಳೆ ತೆಗೆಯುತ್ತಿದ್ದರು. ಒಂದು ಬೆಳಿಗ್ಗೆ ಪಕ್ಕದ ಸಾಲಿನಲ್ಲಿದ್ದ ಚಿಕ್ಕಜಾಲದ ಪಟಾಲಮ್ಮ, ಹೊಸಬಳ ಜೊತೆ ಮಾತಾಡಬೇಕೆಂದು, "ನಿಮ್ಮೆಜಮಾನ್ರು ಏನ್ ಮಾಡ್ತಾರವ್ವ?" ಎಂದಳು.

"ತೀರ್ಕೊಂಡ್ರು," ಎಂದಳು ಸೊಣ್ಣಮ್ಮ.

ಅಷ್ಟು ತಿಂಗಳಲ್ಲಿ ಬೇರೆಯವರೇ ಅದನ್ನು ಹೇಳಿದ್ದರು. ತನ್ನ ಬಾಯಿಂದ ಬಂದದ್ದು ಇದೇ ಮೊದಲು. ಪಟಾಲಮ್ಮ ಅಯ್ಯೋ ಎಂದು ಬಾಯಿಗೆ ಸೆರಗು ಹಿಡಿದಳು. ಸೊಣ್ಣಮ್ಮ ಬೆರಳಿಗೆ ಸಿಕ್ಕಿದ್ದ ಗರಿಕೆಯನ್ನು ಬೇರು ಸಮೇತ ಎಳೆದು ಪಕ್ಕಕ್ಕೆ ಹಾಕಿ, ಒಂದು ಹೆಜ್ಜೆ ಮುಂದೆ ಸರಿದು ಕೂತಳು.